ತಡೆಯಾಜ್ಞೆ ಇಲ್ಲದ ವ್ಯಾಜ್ಯ: ಇಸ್ರೇಲ್–ಪ್ಯಾಲೆಸ್ಟೀನ್ ಮಾತುಕತೆ ಯಾಕೆ ಪ್ರತಿ ಸಲ ಮುರಿದು ಬೀಳುತ್ತದೆ?

2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ಪೋರ್ಚುಗಲ್ ಒಂದೇ ದಿನ ಪ್ಯಾಲೆಸ್ಟೀನ್ ದೇಶಕ್ಕೆ ಮಾನ್ಯತೆ ಕೊಟ್ಟವು. ಮರುದಿನ ಫ್ರಾನ್ಸ್ ಕೂಡ ಕೊಟ್ಟಿತು. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ ಹೀಗೆ ಮಾನ್ಯತೆ ಕೊಟ್ಟವು 150ಕ್ಕೂ ಜಾಸ್ತಿ ಆದವು. ಅದಕ್ಕೆ ಒಂದು ತಿಂಗಳು ಮುಂಚೆ, ಆಗಸ್ಟ್‌ನಲ್ಲಿ, ಜೆರುಸಲೇಮಿನ ಪೂರ್ವಕ್ಕಿರುವ ಇ-1 ಎಂಬ ಜಾಗದಲ್ಲಿ ಸುಮಾರು 3,400 ಮನೆ ಕಟ್ಟುವ ಯೋಜನೆಗೆ ಇಸ್ರೇಲ್ ಒಪ್ಪಿಗೆ ಕೊಟ್ಟಿತ್ತು. ಪ್ಯಾಲೆಸ್ಟೀನ್ ದೇಶದ ಕಲ್ಪನೆಯನ್ನೇ ಇದು ಹೂಳುತ್ತದೆ ಎಂದು ಇಸ್ರೇಲಿನ ಹಣಕಾಸು ಸಚಿವ ಬೆಜಲೆಲ್ ಸ್ಮೋಟ್ರಿಚ್ ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಅಕ್ಟೋಬರ್‌ನಲ್ಲಿ ಗಾಜಾ ಕದನ ವಿರಾಮ ಬಂತು. ನವೆಂಬರ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2803ನೇ ನಿರ್ಣಯ ಪಾಸು ಮಾಡಿತು. ಅದರಲ್ಲಿ ಮತ್ತೆ ಪ್ಯಾಲೆಸ್ಟೀನ್ ದೇಶದ ಮಾತು ಬಂತು.

ಓದುವವರಿಗೆ ಗೊಂದಲ ಆಗುವುದು ಸಹಜ. ಜಗತ್ತಿನ ಮುಕ್ಕಾಲು ಭಾಗ ಒಪ್ಪಿದ ದೇಶ ನೆಲದ ಮೇಲೆ ಯಾಕಿಲ್ಲ? ಇಷ್ಟು ಒಪ್ಪಂದ, ಇಷ್ಟು ಶೃಂಗಸಭೆ, ಇಷ್ಟು ಕೈಕುಲುಕು ಆದ ಮೇಲೂ ಮಾತು ಯಾಕೆ ಮುಂದಕ್ಕೆ ಹೋಗುವುದಿಲ್ಲ? ದ್ವೇಷ ಹಳೆಯದು, ಅದಕ್ಕೇ ಹೀಗೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಕಾರಣ ಬಹುಮಟ್ಟಿಗೆ ಒಪ್ಪಂದಗಳ ಒಳಗೇ ಇದೆ. ಅವನ್ನು ಬರೆದ ರೀತಿಯಲ್ಲೇ ಇದೆ.

ಎರಡು ಪತ್ರಗಳ ಕಥೆ

1993ರ ಸೆಪ್ಟೆಂಬರ್ 13ರ ಫೋಟೊ ಬಹಳ ಜನ ನೋಡಿರುತ್ತಾರೆ. ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ಯಿತ್ಝಾಕ್ ರಬಿನ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ (ಪಿಎಲ್‌ಒ) ನಾಯಕ ಯಾಸಿರ್ ಅರಾಫತ್ ಕೈಕುಲುಕುತ್ತಿದ್ದಾರೆ. ಇಬ್ಬರ ನಡುವೆ ಎರಡೂ ತೋಳು ಚಾಚಿಕೊಂಡು ಬಿಲ್ ಕ್ಲಿಂಟನ್ ನಿಂತಿದ್ದಾರೆ. ನಾರ್ವೆಯಲ್ಲಿ ಗುಟ್ಟಾಗಿ ನಡೆದ ಮಾತುಕತೆಯ ಫಲ ಅದು. ಅದಕ್ಕೇ ಓಸ್ಲೊ ಒಪ್ಪಂದ ಎಂಬ ಹೆಸರು.

ಆ ಫೋಟೊಗಿಂತ ನಾಲ್ಕು ದಿನ ಹಿಂದಿನ ಎರಡು ಪತ್ರಗಳು ಹೆಚ್ಚು ಮುಖ್ಯ. ಸೆಪ್ಟೆಂಬರ್ 9ರ ತಾರೀಖಿನ ಪತ್ರದಲ್ಲಿ ಅರಾಫತ್, ಇಸ್ರೇಲ್ ಎಂಬ ದೇಶಕ್ಕೆ ಶಾಂತಿ ಮತ್ತು ಭದ್ರತೆಯಿಂದ ಬಾಳುವ ಹಕ್ಕಿದೆ ಎಂದು ಒಪ್ಪಿದರು. ಹಿಂಸೆ ಬಿಡುತ್ತೇವೆ ಎಂದೂ ಬರೆದರು. ರಬಿನ್ ಕೊಟ್ಟ ಉತ್ತರ ಒಂದೇ ಒಂದು ವಾಕ್ಯ. ಪಿಎಲ್‌ಒವನ್ನು ಪ್ಯಾಲೆಸ್ಟೀನ್ ಜನರ ಪ್ರತಿನಿಧಿ ಎಂದು ಒಪ್ಪಿ ಮಾತುಕತೆ ಶುರು ಮಾಡುತ್ತೇವೆ, ಅಷ್ಟೇ. ಒಂದು ಕಡೆಯವರು ಒಪ್ಪಿದ್ದು ಒಂದು ದೇಶವನ್ನು. ಇನ್ನೊಂದು ಕಡೆಯವರು ಒಪ್ಪಿದ್ದು ಒಂದು ಸಂಘಟನೆಯನ್ನು. ಓಸ್ಲೊ ಒಪ್ಪಂದದಲ್ಲಿ ಪ್ಯಾಲೆಸ್ಟೀನ್ ದೇಶವಾಗುತ್ತದೆ ಎಂಬ ಮಾತು ಎಲ್ಲೂ ಇಲ್ಲ. ರಬಿನ್ ಕೂಡ 1995ರ ಅಕ್ಟೋಬರ್‌ನಲ್ಲಿ ತಮ್ಮ ಸಂಸತ್ತಿನಲ್ಲಿ, ಅಲ್ಲಿ ಬರುವುದು ಪೂರ್ತಿ ದೇಶಕ್ಕಿಂತ ಕಡಿಮೆಯದ್ದು ಎಂದೇ ಹೇಳಿದ್ದರು.

ಹಾಗಾದರೆ ಪ್ಯಾಲೆಸ್ಟೀನಿಯನ್ನರು ಯಾಕೆ ಒಪ್ಪಿದರು? ಇದು ಮೊದಲ ಮೆಟ್ಟಿಲು, ದೇಶ ಆಮೇಲೆ ಬಂದೇ ಬರುತ್ತದೆ ಎಂಬ ನಂಬಿಕೆ. ಜೆರುಸಲೇಮ್ ಯಾರದು, ನಿರಾಶ್ರಿತರ ಗತಿ ಏನು, 1967ರಲ್ಲಿ ಇಸ್ರೇಲ್ ಹಿಡಿದ ನೆಲದಲ್ಲಿ ಕಟ್ಟಿದ ಯಹೂದಿ ವಸಾಹತುಗಳನ್ನು ಏನು ಮಾಡುವುದು, ಗಡಿ ಎಲ್ಲಿ, ಭದ್ರತೆ ಯಾರ ಕೈಯಲ್ಲಿ? ಈ ಐದೂ ಕಗ್ಗಂಟುಗಳನ್ನು ಬೇಕೆಂದೇ ಕೊನೆಗೆ ಇಟ್ಟರು. ಮೊದಲು ಸಲೀಸಾದದ್ದನ್ನು ಮಾಡೋಣ, ವಿಶ್ವಾಸ ಬೆಳೆಯುತ್ತದೆ, ಆಮೇಲೆ ಕಷ್ಟದ್ದನ್ನು ಬಿಡಿಸೋಣ ಎಂಬ ಲೆಕ್ಕ. ಇದಕ್ಕೆ ಐದು ವರ್ಷದ ತಾತ್ಕಾಲಿಕ ಅವಧಿ. ಅದು 1994ರ ಮೇ 4ಕ್ಕೆ ಶುರುವಾಗಿ 1999ರ ಮೇ 4ಕ್ಕೆ ಮುಗಿಯಬೇಕಿತ್ತು.

ತಡೆಯಾಜ್ಞೆ ಎಲ್ಲಿ?

ನಮ್ಮಲ್ಲಿ ಜಮೀನು ವ್ಯಾಜ್ಯ ಕೋರ್ಟಿನಲ್ಲಿರುವಾಗ ಮೊದಲು ಕೇಳುವುದು ತಡೆಯಾಜ್ಞೆ. ತೀರ್ಪು ಬರುವ ತನಕ ಯಾರೂ ಕಟ್ಟಬೇಡಿ, ಕೆಡವಬೇಡಿ, ಯಥಾಸ್ಥಿತಿ ಇರಲಿ. ಇಲ್ಲದಿದ್ದರೆ ಸ್ವಾಧೀನದಲ್ಲಿರುವವರು ಮನೆ ಎಬ್ಬಿಸಿಬಿಡುತ್ತಾರೆ. ತೀರ್ಪು ಬರುವ ಹೊತ್ತಿಗೆ ಹಂಚಿಕೊಳ್ಳಲು ಜಾಗವೇ ಇರುವುದಿಲ್ಲ.

ಓಸ್ಲೊದಲ್ಲಿ ಆಗಿದ್ದು ಇದೇ. ಅಂತಿಮ ಒಪ್ಪಂದ ಆಗುವ ತನಕ ವೆಸ್ಟ್ ಬ್ಯಾಂಕ್ (ಜೋರ್ಡಾನ್ ನದಿಯ ಪಶ್ಚಿಮ ದಡದ ನೆಲ) ಮತ್ತು ಗಾಜಾದ ಸ್ಥಾನಮಾನ ಬದಲಿಸುವ ಹೆಜ್ಜೆ ಯಾರೂ ಇಡಬಾರದು ಎಂಬ ಒಂದು ವಾಕ್ಯ 1995ರ ಎರಡನೇ ಒಪ್ಪಂದದಲ್ಲಿದೆ. ಆದರೆ ವಸಾಹತು ಕಟ್ಟುವುದನ್ನು ನಿಲ್ಲಿಸಬೇಕು ಎಂದು ನೇರವಾಗಿ ಬರೆದಿಲ್ಲ. ಮೀರಿದವರನ್ನು ಕೇಳುವವರು ಯಾರು ಎಂದೂ ಬರೆದಿಲ್ಲ. ಪೂರ್ವ ಜೆರುಸಲೇಮ್ ಬಿಟ್ಟು ವೆಸ್ಟ್ ಬ್ಯಾಂಕಿನಲ್ಲಿ 1993ರಲ್ಲಿ ಇದ್ದ ಇಸ್ರೇಲಿ ವಸಾಹತುಗಾರರು ಸುಮಾರು 1.1 ಲಕ್ಷ. ಈಗ 5 ಲಕ್ಷ ದಾಟಿದ್ದಾರೆ. ಬಲಪಂಥೀಯ ಸರ್ಕಾರ ಇದ್ದಾಗ ಮಾತ್ರ ಬೆಳೆದದ್ದಲ್ಲ. ಶಾಂತಿ ಮಾತುಕತೆಗೆ ಕೂತಿದ್ದ ರಬಿನ್ ಮತ್ತು ಆಮೇಲೆ ಪ್ರಧಾನಿಯಾದ ಎಹೂದ್ ಬರಾಕ್ ಸರ್ಕಾರಗಳ ಕಾಲದಲ್ಲೂ ಈ ಸಂಖ್ಯೆ ಏರುತ್ತಲೇ ಇತ್ತು.

ಇಸ್ರೇಲಿನ ದೂರು ಬೇರೆ. ಹಿಂಸೆ ಬಿಡುತ್ತೇವೆ ಎಂದು ಬರೆದುಕೊಟ್ಟ ಮೇಲೂ ಬಾಂಬ್ ಸ್ಫೋಟ ನಿಲ್ಲಲಿಲ್ಲ, ಅರಾಫತ್ ತಡೆಯಲಿಲ್ಲ ಎನ್ನುವುದು. ಇದರಲ್ಲೂ ಹುರುಳಿದೆ. ಓಸ್ಲೊವನ್ನು ಶುರುವಿನಿಂದಲೇ ವಿರೋಧಿಸಿದ ಹಮಾಸ್ 1996ರ ಫೆಬ್ರುವರಿ–ಮಾರ್ಚ್‌ನಲ್ಲಿ ಇಸ್ರೇಲಿನ ಬಸ್ಸುಗಳಲ್ಲಿ ಸಾಲಾಗಿ ಆತ್ಮಾಹುತಿ ದಾಳಿ ನಡೆಸಿತು. ಅಂದರೆ ಒಬ್ಬರಿಗೆ ನೆಲ ಕೈಬಿಟ್ಟು ಹೋಗುತ್ತಿತ್ತು, ಇನ್ನೊಬ್ಬರಿಗೆ ಜೀವಭಯ ಜಾಸ್ತಿಯಾಗುತ್ತಿತ್ತು. ನೀನು ಮೊದಲು ನಿಲ್ಲಿಸು ಎಂದು ಇಬ್ಬರೂ ಹೇಳುತ್ತಿದ್ದರು. ತೀರ್ಪು ಹೇಳಬೇಕಾದ ಅಮೆರಿಕವೇ ಒಂದು ಪಕ್ಷಕ್ಕೆ ಅತಿ ಹತ್ತಿರದ ಸ್ನೇಹಿತ.

ಕೆಂಪು ಬೋರ್ಡು, ಕಪ್ಪು ಟ್ಯಾಂಕು

1995ರ ಒಪ್ಪಂದ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿತು. ಈಗಿನ ಲೆಕ್ಕದಲ್ಲಿ ಎ ವಲಯ ಸುಮಾರು ಶೇ. 18. ಅಲ್ಲಿ ಆಡಳಿತ, ಪೊಲೀಸು ಎರಡೂ ಓಸ್ಲೊದಿಂದ ಹುಟ್ಟಿದ ಪ್ಯಾಲೆಸ್ಟೀನ್ ಪ್ರಾಧಿಕಾರದ ಕೈಯಲ್ಲಿ. ಬಿ ವಲಯ ಸುಮಾರು ಶೇ. 22. ಅಲ್ಲಿ ಆಡಳಿತ ಅವರದು, ಭದ್ರತೆಯ ಮೇಲುಗೈ ಇಸ್ರೇಲಿನದು. ಉಳಿದ ಶೇ. 60 ಸಿ ವಲಯ, ಪೂರ್ತಿ ಇಸ್ರೇಲಿನ ಹಿಡಿತ. ಸಿ ವಲಯ ಒಂದಕ್ಕೊಂದು ಕೂಡಿಕೊಂಡಿದೆ. ಎ ಮತ್ತು ಬಿ ಅದರ ನಡುವೆ ದ್ವೀಪಗಳ ಹಾಗೆ ಚದುರಿವೆ. ಎ ವಲಯದ ಊರುಗಳ ಬಾಗಿಲಲ್ಲಿ ಹೀಬ್ರೂ, ಅರಬ್ಬಿ, ಇಂಗ್ಲಿಷ್ ಮೂರೂ ಭಾಷೆಯ ದೊಡ್ಡ ಕೆಂಪು ಬೋರ್ಡು ಕಾಣುತ್ತದೆ: ಇಸ್ರೇಲಿ ಪ್ರಜೆಗಳಿಗೆ ಪ್ರವೇಶವಿಲ್ಲ, ಜೀವಕ್ಕೆ ಅಪಾಯ.

ಒಪ್ಪಂದದ ಪ್ರಕಾರ ಸಿ ವಲಯದ ಬಹುಭಾಗ ಹದಿನೆಂಟು ತಿಂಗಳಲ್ಲಿ ಹಂತಹಂತವಾಗಿ ಪ್ಯಾಲೆಸ್ಟೀನಿಯನ್ನರ ಕೈಗೆ ಬರಬೇಕಿತ್ತು. ಮೂವತ್ತು ವರ್ಷ ಕಳೆದರೂ ಬಂದಿಲ್ಲ. ಸಿ ವಲಯದ ರೈತ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಬೇಕಾದರೂ ಇಸ್ರೇಲಿ ಸೇನಾ ಆಡಳಿತದ ಪರವಾನಗಿ ಬೇಕು. ಪರವಾನಗಿ ಸಿಗುವುದು ಬಹಳ ಅಪರೂಪ. ಸಿಗದೆ ಕಟ್ಟಿದರೆ ಕೆಡವುತ್ತಾರೆ. ಹೊಸ ಬಾವಿಗೆ ಎರಡೂ ಕಡೆಯವರಿರುವ ಜಂಟಿ ನೀರು ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ಇಸ್ರೇಲ್ ಬೇಡ ಎಂದರೆ ಮುಗಿಯಿತು. ಪ್ಯಾಲೆಸ್ಟೀನ್ ಊರುಗಳ ಮನೆಗಳ ಮೇಲೆ ಸಾಲುಸಾಲು ಕಪ್ಪು ಟ್ಯಾಂಕುಗಳು ಕಾಣುವುದಕ್ಕೆ ಕಾರಣ ಇದೇ. ನಲ್ಲಿಯಲ್ಲಿ ಯಾವಾಗ ನೀರು ಬರುತ್ತದೋ ಗೊತ್ತಿಲ್ಲ, ಬಂದಾಗ ತುಂಬಿಸಿಟ್ಟುಕೊಳ್ಳಬೇಕು. ನಮ್ಮ ಊರುಗಳಲ್ಲಿ ನೀರು ಬಿಟ್ಟ ದಿನ ತುಂಬಿಸಿಟ್ಟುಕೊಳ್ಳುತ್ತೇವಲ್ವಾ, ಹಾಗೆ. ಆದರೆ ಈ ನೀರಿನ ಲೆಕ್ಕವನ್ನು ಐದು ವರ್ಷಕ್ಕೆಂದು ಬರೆದಿದ್ದರು.

ಖಜಾನೆಯ ಕೀಲಿಕೈ

ಓಸ್ಲೊದ ಬಗ್ಗೆ ಮಾತಾಡುವಾಗ ಜನ ಮರೆಯುವ ಒಂದು ಕಾಗದ ಇದೆ. 1994ರ ಏಪ್ರಿಲ್ 29ರ ಪ್ಯಾರಿಸ್ ಆರ್ಥಿಕ ಒಪ್ಪಂದ. ನನ್ನ ಪ್ರಕಾರ ಇಡೀ ಬಿಕ್ಕಟ್ಟನ್ನು ಅರ್ಥ ಮಾಡಿಕೊಳ್ಳಲು ಇದರಷ್ಟು ನೆರವಾಗುವುದು ಬೇರೊಂದಿಲ್ಲ.

ವೆಸ್ಟ್ ಬ್ಯಾಂಕಿನ ನಾಬ್ಲುಸ್ ಊರಿನ ಒಬ್ಬ ವ್ಯಾಪಾರಿ ವಿದೇಶದಿಂದ ಬಟ್ಟೆ ತರಿಸುತ್ತಾನೆ ಎಂದುಕೊಳ್ಳಿ. ಪ್ಯಾಲೆಸ್ಟೀನಿಗೆ ಸ್ವಂತ ಬಂದರಿಲ್ಲ. ಸರಕು ಇಸ್ರೇಲಿನ ಅಶ್ದೋದ್ ಬಂದರಿಗೆ ಬರುತ್ತದೆ. ಅಲ್ಲಿ ಸುಂಕ ವಸೂಲಿ ಮಾಡುವುದು ಇಸ್ರೇಲ್. ಆ ಹಣ ನಿಜಕ್ಕೂ ಪ್ಯಾಲೆಸ್ಟೀನ್ ಪ್ರಾಧಿಕಾರದ್ದು. ತಿಂಗಳ ಕೊನೆಗೆ ಇಸ್ರೇಲ್ ತನ್ನ ಶೇ. 3 ಶುಲ್ಕ ಹಿಡಿದುಕೊಂಡು, ಕರೆಂಟು ಬಿಲ್ಲಿನಂಥ ಬಾಕಿಗಳನ್ನು ಮುರಿದುಕೊಂಡು ಉಳಿದದ್ದನ್ನು ಕಳಿಸಬೇಕು. ಪ್ರಾಧಿಕಾರದ ಆದಾಯದ ಅರ್ಧಕ್ಕಿಂತ ಹೆಚ್ಚು ಹೀಗೆ ಬರುವ ಹಣ. ಮೇಷ್ಟರು, ನರ್ಸುಗಳು, ಪೊಲೀಸರ ಸಂಬಳ ಇದರಿಂದಲೇ.

ರಾಜಕೀಯ ಹದಗೆಟ್ಟಾಗೆಲ್ಲ ಇಸ್ರೇಲ್ ಈ ಹಣ ತಡೆಹಿಡಿದಿದೆ. ತನ್ನ ಜನರ ಮೇಲೆ ದಾಳಿ ಮಾಡಿದ ಕೈದಿಗಳ ಕುಟುಂಬಗಳಿಗೆ ಪ್ರಾಧಿಕಾರ ಹಣ ಕೊಡುತ್ತದೆ, ಅದಕ್ಕೇ ಕಡಿತ ಎನ್ನುವುದು ಇಸ್ರೇಲ್ ಕೊಡುವ ಒಂದು ಕಾರಣ. ಕಾರಣ ಏನೇ ಇರಲಿ, ರಾಮಲ್ಲಾದ ಸರ್ಕಾರ, ಅಂದರೆ ಈ ಪ್ರಾಧಿಕಾರ, ಎದುರು ಕೂತು ಚೌಕಾಸಿ ಮಾಡಬೇಕಾದವರ ಕೈಯಿಂದಲೇ ಸಂಬಳದ ಹಣ ಪಡೆಯುತ್ತದೆ. ಅದೇ ಸರ್ಕಾರ ಇಸ್ರೇಲ್ ಜತೆ ಭದ್ರತಾ ಸಹಕಾರವನ್ನೂ ನಡೆಸಬೇಕು. ಹೀಗಾಗಿ ಸ್ವಂತ ಜನರ ಕಣ್ಣಿಗೆ ಅದು ಇಸ್ರೇಲಿನ ಗುತ್ತಿಗೆದಾರನ ಹಾಗೆ ಕಾಣುತ್ತದೆ. ಮಾತುಕತೆಯಿಂದ ಏನಾಯ್ತು ಎಂದು ಕೇಳುವ ಹಮಾಸ್‌ಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕಿರಲಿಲ್ಲ.

ಕೆಡಿಸುವವರಿಗೆ ಸಮಯ ಸಿಕ್ಕಿತು

ಕಷ್ಟದ ಪ್ರಶ್ನೆ ಮುಂದೂಡಿದರೆ ಒಪ್ಪಂದ ಬೇಡದವರಿಗೆ ಕೆಲಸ ಮಾಡಲು ವರ್ಷಗಳು ಸಿಗುತ್ತವೆ. ಇಲ್ಲಿ ಎರಡೂ ಕಡೆ ಅಂಥವರಿದ್ದರು. 1994ರ ಫೆಬ್ರುವರಿಯಲ್ಲಿ ಬಾರೂಕ್ ಗೋಲ್ಡ್‌ಸ್ಟೀನ್ ಎಂಬ ವಸಾಹತುಗಾರ ಹೆಬ್ರಾನಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಕ್ಕಿ ಕೊಂದ. ಏಪ್ರಿಲ್‌ನಲ್ಲಿ ಹಮಾಸ್ ಇಸ್ರೇಲಿನ ಒಳಗೆ ಬಸ್ ಬಾಂಬ್ ದಾಳಿ ಶುರು ಮಾಡಿತು. 1995ರ ನವೆಂಬರ್ 4ರಂದು ಶಾಂತಿ ಸಭೆ ಮುಗಿಸಿ ಹೊರಟಿದ್ದ ರಬಿನ್ ಅವರನ್ನು ಯಿಗಾಲ್ ಅಮೀರ್ ಎಂಬ ಯಹೂದಿ ಯುವಕನೇ ಕೊಂದ. ನಂತರದ ಬಸ್ ಸ್ಫೋಟಗಳ ಸಿಟ್ಟಿನಲ್ಲಿ 1996ರ ಮೇ ಚುನಾವಣೆ ನಡೆಯಿತು. ಓಸ್ಲೊದ ಟೀಕಾಕಾರ ಬೆಂಜಮಿನ್ ನೆತನ್ಯಾಹು ಶೇ. 1ರಷ್ಟೂ ಇಲ್ಲದ ಅಂತರದಲ್ಲಿ ಗೆದ್ದರು. ಗೋಲ್ಡ್‌ಸ್ಟೀನ್, ಅಮೀರ್ ಮತ್ತು ಹಮಾಸ್ ಒಬ್ಬರನ್ನೊಬ್ಬರು ದ್ವೇಷಿಸುತ್ತಿದ್ದರು. ಆದರೂ ಮೂವರೂ ಮಾಡಿದ ಕೆಲಸದ ಫಲ ಒಂದೇ ಕಡೆ ಹೋಯಿತು.

ಕ್ಯಾಂಪ್ ಡೇವಿಡ್: ಬೇಡ ಎಂದವರು ಯಾರು?

ಮುಂದೂಡಿದ ಪ್ರಶ್ನೆಗಳನ್ನು ಮೇಜಿನ ಮೇಲೆ ತಂದದ್ದು 2000ದ ಜುಲೈನಲ್ಲಿ. ಕ್ಲಿಂಟನ್ ತಮ್ಮ ಅಧಿಕಾರದ ಕೊನೆಯ ತಿಂಗಳುಗಳಲ್ಲಿ ಎಹೂದ್ ಬರಾಕ್ ಮತ್ತು ಅರಾಫತ್ ಅವರನ್ನು ಅಮೆರಿಕ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ಗೆ ಕರೆದು ಎರಡು ವಾರ ಕೂರಿಸಿದರು. ಏನೂ ಆಗಲಿಲ್ಲ. ಇದರ ಬಗ್ಗೆ ಇವತ್ತಿಗೂ ಎರಡು ಕಥೆ ಓಡಾಡುತ್ತವೆ.

ಇಸ್ರೇಲ್ ಹೇಳುವ ಕಥೆ: ವೆಸ್ಟ್ ಬ್ಯಾಂಕಿನ ಶೇ. 90ರ ಆಸುಪಾಸು, ಇಡೀ ಗಾಜಾ, ಪೂರ್ವ ಜೆರುಸಲೇಮಿನ ಕೆಲವು ಭಾಗ, ಇಷ್ಟನ್ನು ಯಾವ ಇಸ್ರೇಲಿ ಪ್ರಧಾನಿಯೂ ಅದಕ್ಕೆ ಮುಂಚೆ ಕೊಡಲು ಬಂದಿರಲಿಲ್ಲ. ಅರಾಫತ್ ಬೇಡ ಎಂದರು, ತಮ್ಮ ಕಡೆಯಿಂದ ಬದಲಿ ಪ್ರಸ್ತಾಪವನ್ನೂ ಇಡಲಿಲ್ಲ. ಪ್ಯಾಲೆಸ್ಟೀನಿಯನ್ನರು ಹೇಳುವ ಕಥೆ: ಬರಾಕ್ ಯಾವುದನ್ನೂ ಬರೆದು ಕೊಡಲಿಲ್ಲ, ಎಲ್ಲವೂ ಅಮೆರಿಕದವರ ಬಾಯಲ್ಲಿ ಬಂದ 'ಐಡಿಯಾ'ಗಳು. ಕೊಟ್ಟ ನೆಲವೂ ತುಂಡುತುಂಡು.

ಎರಡೂ ಪೂರ್ತಿ ಸುಳ್ಳಲ್ಲ. ಇಬ್ಬರ ಎಣಿಕೆ ಶುರುವಾಗುವ ಜಾಗವೇ ಬೇರೆ. 1948ರ ಯುದ್ಧ ಮುಗಿದಾಗ ಹಳೆಯ ಬ್ರಿಟಿಷ್ ಪ್ಯಾಲೆಸ್ಟೀನಿನ ಸುಮಾರು ಶೇ. 78 ಇಸ್ರೇಲಿನ ಕೈಯಲ್ಲಿತ್ತು. ಉಳಿದ ಶೇ. 22, ಅಂದರೆ ವೆಸ್ಟ್ ಬ್ಯಾಂಕ್ ಮತ್ತು ಗಾಜಾ, 1967ರಲ್ಲಿ ಅದರ ವಶವಾಯಿತು. 1988ರಲ್ಲಿ ಪಿಎಲ್‌ಒ ಶೇ. 78ರ ಆಸೆ ಬಿಟ್ಟು ಶೇ. 22ಕ್ಕೆ ಇಳಿಯಿತು. ಅವರ ಲೆಕ್ಕದಲ್ಲಿ ರಾಜಿ ಆಗಲೇ ಮುಗಿದಿದೆ, ಉಳಿದ ಚೂರಿನಲ್ಲೂ ಚೌಕಾಸಿ ಎಂದರೆ ಅನ್ಯಾಯ. ಇಸ್ರೇಲಿನ ಲೆಕ್ಕ ಶುರುವಾಗುವುದು 1967ರಿಂದ. ಯುದ್ಧದಲ್ಲಿ ಬಂದ ನೆಲದಲ್ಲಿ ಬಿಟ್ಟುಕೊಟ್ಟ ಪ್ರತಿ ಎಕರೆಯೂ ಅದಕ್ಕೆ ರಿಯಾಯಿತಿ. ಒಂದೇ ನಕ್ಷೆ ಒಬ್ಬರಿಗೆ ಧಾರಾಳ, ಇನ್ನೊಬ್ಬರಿಗೆ ಅವಮಾನ.

ಕೊನೆಗೆ ಮುರಿದದ್ದು ಜೆರುಸಲೇಮಿನ ಹಳೇ ಊರಿನ ಒಂದು ದಿಬ್ಬದ ಮೇಲೆ. ಯಹೂದಿಗಳಿಗೆ ಅದು ತಮ್ಮ ಪುರಾತನ ದೇವಾಲಯ ನಿಂತಿದ್ದ ಜಾಗ. ಮುಸ್ಲಿಮರಿಗೆ ಅಲ್-ಅಕ್ಸಾ ಮಸೀದಿಯ ಆವರಣ. ಅದರ ಒಡೆತನ ಯಾರದು ಎನ್ನುವಲ್ಲಿ ಮಾತು ನಿಂತುಹೋಯಿತು. ಸೆಪ್ಟೆಂಬರ್ 28ರಂದು ಇಸ್ರೇಲಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ಭಾರಿ ಪೊಲೀಸ್ ಕಾವಲಿನಲ್ಲಿ ಅದೇ ದಿಬ್ಬಕ್ಕೆ ಹೋದರು. ಎರಡನೇ ಇಂತಿಫಾದ, ಅಂದರೆ ಪ್ಯಾಲೆಸ್ಟೀನಿಯನ್ನರ ದಂಗೆ, ಹೊತ್ತಿಕೊಂಡಿತು. ಡಿಸೆಂಬರ್‌ನಲ್ಲಿ ಕ್ಲಿಂಟನ್ ವೆಸ್ಟ್ ಬ್ಯಾಂಕಿನ ಶೇ. 94–96 ಪ್ಯಾಲೆಸ್ಟೀನಿಗೆ ಕೊಡುವ ಸೂತ್ರ ಇಟ್ಟರು, ಜನವರಿಯಲ್ಲಿ ಈಜಿಪ್ಟಿನ ತಾಬಾದಲ್ಲಿ ಇಬ್ಬರೂ ಹಿಂದೆಂದಿಗಿಂತ ಹತ್ತಿರ ಬಂದರು. ಅಷ್ಟರಲ್ಲಿ ಕ್ಲಿಂಟನ್ ಅವಧಿ ಮುಗಿದಿತ್ತು. ಫೆಬ್ರುವರಿಯಲ್ಲಿ ಬರಾಕ್ ಸೋತು ಶರೋನ್ ಗೆದ್ದರು.

ನ್ಯಾಪ್‌ಕಿನ್ ಮೇಲಿನ ನಕ್ಷೆ

2008ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಅವಕಾಶ ಬಂತು. ಪ್ರಧಾನಿ ಎಹೂದ್ ಓಲ್ಮರ್ಟ್ ಪ್ಯಾಲೆಸ್ಟೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಮುಂದೆ ಒಂದು ದೊಡ್ಡ ನಕ್ಷೆ ಬಿಡಿಸಿದರು. ವೆಸ್ಟ್ ಬ್ಯಾಂಕಿನ ಶೇ. 93ಕ್ಕೂ ಹೆಚ್ಚು, ಉಳಿದದ್ದಕ್ಕೆ ಬದಲಿ ನೆಲ, ಹಳೇ ಊರಿನ ಪವಿತ್ರ ಜಾಗಗಳಿಗೆ ಹಲವು ದೇಶಗಳ ಉಸ್ತುವಾರಿ. ನಕ್ಷೆ ಒಯ್ದು ತಜ್ಞರಿಗೆ ತೋರಿಸುತ್ತೇನೆ ಎಂದರು ಅಬ್ಬಾಸ್. ಮೊದಲು ಸಹಿ ಮಾಡಿ ಎಂದರು ಓಲ್ಮರ್ಟ್. ಅಬ್ಬಾಸ್ ನೆನಪಿನಿಂದ ಒಂದು ನ್ಯಾಪ್‌ಕಿನ್ ಮೇಲೆ ಗೀಚಿಕೊಂಡು ಹೊರಟರು. ಮತ್ತೆ ಆ ಮಾತು ಮುಂದುವರಿಯಲಿಲ್ಲ. ಭ್ರಷ್ಟಾಚಾರದ ತನಿಖೆಯಲ್ಲಿ ಸಿಕ್ಕಿದ್ದ ಓಲ್ಮರ್ಟ್ ರಾಜೀನಾಮೆ ಆಗಲೇ ಘೋಷಿಸಿಯಾಗಿತ್ತು. ಸಹಿ ಹಾಕಿದ್ದರೂ ಅದನ್ನು ಜಾರಿ ಮಾಡುವ ಶಕ್ತಿ ಓಲ್ಮರ್ಟ್‌ಗೂ ಇರಲಿಲ್ಲ, 2007ರಲ್ಲಿ ಹಮಾಸ್ ಕೈಗೆ ಗಾಜಾ ಕಳೆದುಕೊಂಡಿದ್ದ ಅಬ್ಬಾಸ್‌ಗೂ ಇರಲಿಲ್ಲ.

ಎರಡಾದ ಪ್ಯಾಲೆಸ್ಟೀನ್

2005ರಲ್ಲಿ ಶರೋನ್ ಯಾರ ಜತೆಯೂ ಒಪ್ಪಂದವಿಲ್ಲದೆ ಗಾಜಾದ 21 ವಸಾಹತುಗಳನ್ನು ತೆರವು ಮಾಡಿದರು. 2006ರ ಜನವರಿಯಲ್ಲಿ ಪ್ಯಾಲೆಸ್ಟೀನ್ ಸಂಸತ್ತಿನ ಚುನಾವಣೆಯಲ್ಲಿ ಹಮಾಸ್ 132ರಲ್ಲಿ 74 ಸೀಟು ಗೆದ್ದಿತು. 2007ರಲ್ಲಿ ಹೊಡೆದಾಡಿ ಗಾಜಾ ಹಿಡಿಯಿತು. ಅಲ್ಲಿಂದ ರಾಮಲ್ಲಾದಲ್ಲಿ ಒಂದು ಸರ್ಕಾರ, ಗಾಜಾದಲ್ಲಿ ಇನ್ನೊಂದು. ತೆರವು ಮಾಡಿದರೆ ರಾಕೆಟ್ ಬರುತ್ತದೆ ಎಂದು ಇಸ್ರೇಲಿನ ಮತದಾರರು ಪಾಠ ಕಲಿತರು. ಮಾತಾಡಿದವರಿಗೆ ಏನೂ ಸಿಗಲಿಲ್ಲ, ಹೊಡೆದವರು ಗಾಜಾ ಬಿಡಿಸಿಕೊಂಡರು ಎಂದು ಎಷ್ಟೋ ಪ್ಯಾಲೆಸ್ಟೀನಿಯನ್ನರು ಪಾಠ ಕಲಿತರು.

ಈ ಒಡಕು ನೆತನ್ಯಾಹು ಸರ್ಕಾರಗಳಿಗೆ ಅನುಕೂಲವಾಯಿತು. ಪ್ಯಾಲೆಸ್ಟೀನ್ ಪರವಾಗಿ ಮಾತಾಡುವವರು ಯಾರು ಎಂದು ಕೇಳಬಹುದಿತ್ತು. 2018ರಿಂದ ಕತಾರಿನ ನಗದು ಸೂಟ್‌ಕೇಸುಗಳಲ್ಲಿ ತುಂಬಿ ಗಾಜಾಕ್ಕೆ ಹೋಯಿತು, ಇಸ್ರೇಲಿನ ಒಪ್ಪಿಗೆಯಿಂದಲೇ. 2020ರಲ್ಲಿ ಯುಎಇ, ಬಹ್ರೇನ್ ಪ್ಯಾಲೆಸ್ಟೀನ್ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಇಸ್ರೇಲ್ ಜತೆ ಸಂಬಂಧ ಬೆಸೆದವು. ಸಮಸ್ಯೆ ಬಗೆಹರಿಸಬೇಕಿಲ್ಲ, ನಿಭಾಯಿಸಿದರೆ ಸಾಕು ಎಂಬ ಆ ಎಣಿಕೆ 2023ರ ಅಕ್ಟೋಬರ್ 7ರಂದು ಕುಸಿಯಿತು. ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿ ಒತ್ತೆಯಾಳುಗಳಾದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು 70 ಸಾವಿರ ದಾಟಿದ್ದಾರೆ ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ.

ಭಾರತ ಎಲ್ಲಿ ನಿಂತಿದೆ?

1918ರ ಸೆಪ್ಟೆಂಬರ್ 23ರಂದು ಆಟೊಮನ್ ಸೇನೆಯಿಂದ ಹೈಫಾ ಊರನ್ನು ಬಿಡಿಸಿದ ಕುದುರೆಪಡೆಗಳಲ್ಲಿ ಜೋಧಪುರದವರ ಜತೆ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಅದಾದ ಮೇಲೆ ಬಂದ ಬ್ರಿಟಿಷ್ ಆಡಳಿತದಲ್ಲೇ ಈ ಜಗಳದ ಬೇರು ಆಳಕ್ಕೆ ಇಳಿದದ್ದು. 1947ರಲ್ಲಿ ಭಾರತ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ಹಾಕಿತು, 1988ರಲ್ಲಿ ಪ್ಯಾಲೆಸ್ಟೀನ್ ದೇಶಕ್ಕೆ ಮಾನ್ಯತೆ ಕೊಟ್ಟಿತು, 1992ರಲ್ಲಿ ಇಸ್ರೇಲ್ ಜತೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರು ಮಾಡಿತು. ಈಗ ಇಸ್ರೇಲಿನಿಂದ ದೊಡ್ಡ ಪ್ರಮಾಣದಲ್ಲಿ ಶಸ್ತ್ರಾಸ್ತ್ರ ಕೊಳ್ಳುತ್ತದೆ. 2025ರ ಸೆಪ್ಟೆಂಬರ್ 12ರಂದು ಎರಡು ದೇಶಗಳ ಪರಿಹಾರವನ್ನು ಬೆಂಬಲಿಸುವ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 142–10 ಮತಗಳಿಂದ ಪಾಸಾದಾಗ ಪರವಾಗಿಯೂ ಮತ ಹಾಕಿತು. ಎರಡು ದೋಣಿಯಲ್ಲಿ ಕಾಲು ಎನ್ನಬಹುದು. ಆದರೆ ಎರಡೂ ದೋಣಿ ದಡದಲ್ಲೇ ಕಟ್ಟಿಹಾಕಿರುವ ತನಕ ಬೀಳುವ ಭಯವಿಲ್ಲ.

2803: ಏನಿದೆ, ಏನಿಲ್ಲ

ಈಗ ಮತ್ತೆ 2025ಕ್ಕೆ ಬರೋಣ. ಡೊನಾಲ್ಡ್ ಟ್ರಂಪ್ ಅವರ 20 ಅಂಶಗಳ ಯೋಜನೆಯ ಮೇಲೆ ಅಕ್ಟೋಬರ್ 10ಕ್ಕೆ ಕದನ ವಿರಾಮ ಶುರುವಾಯಿತು. 13ರಂದು ಜೀವಂತ ಉಳಿದಿದ್ದ 20 ಒತ್ತೆಯಾಳುಗಳು ಮನೆಗೆ ಬಂದರು, ಸುಮಾರು ಎರಡು ಸಾವಿರ ಪ್ಯಾಲೆಸ್ಟೀನ್ ಕೈದಿಗಳ ಬಿಡುಗಡೆ ಆಯಿತು. ಈ ಸಾಧನೆಯನ್ನು ಹಗುರವಾಗಿ ಕಾಣಬಾರದು. ನವೆಂಬರ್ 17ರ ನಿರ್ಣಯ ಇದಕ್ಕೆ ಭದ್ರತಾ ಮಂಡಳಿಯ ಮುದ್ರೆ ಒತ್ತಿತು. 13 ದೇಶಗಳು ಪರ, ರಷ್ಯಾ ಮತ್ತು ಚೀನಾ ತಟಸ್ಥ. ಗಾಜಾ ನೋಡಿಕೊಳ್ಳಲು ಟ್ರಂಪ್ ಅಧ್ಯಕ್ಷತೆಯ ಶಾಂತಿ ಮಂಡಳಿ, ಜತೆಗೆ ಅಂತಾರಾಷ್ಟ್ರೀಯ ಪಡೆ. ಅವಧಿ 2027ರ ಡಿಸೆಂಬರ್ 31ರ ವರೆಗೆ.

ದೇಶದ ವಿಷಯಕ್ಕೆ ಬಂದರೆ ಭಾಷೆ ಮೆತ್ತಗಾಗುತ್ತದೆ. ಪ್ರಾಧಿಕಾರ ಸುಧಾರಣೆಯಾಗಿ, ಗಾಜಾ ಪುನರ್ನಿರ್ಮಾಣ ಮುಂದುವರಿದ ಮೇಲೆ, ಪ್ಯಾಲೆಸ್ಟೀನ್ ದೇಶಕ್ಕೆ ನಂಬಬಹುದಾದ ದಾರಿಯ ಪರಿಸ್ಥಿತಿ ಒದಗಿ ಬರಬಹುದು. 'ಬರಬಹುದು' ಎಂಬ ಕ್ರಿಯಾಪದ ಗಮನಿಸಿ. ತಾರೀಖಿಲ್ಲ, ಗಡಿಯಿಲ್ಲ. ಜೆರುಸಲೇಮ್, ವಸಾಹತುಗಳ ಮಾತಿಲ್ಲ. ಸುಧಾರಣೆ ಆಯಿತೋ ಇಲ್ಲವೋ ಎಂದು ಯಾರು ಹೇಳಬೇಕು ಎಂಬುದೂ ಸ್ಪಷ್ಟವಿಲ್ಲ. ಹಮಾಸ್ ನಿರ್ಣಯವನ್ನು ತಿರಸ್ಕರಿಸಿತು, ಶಸ್ತ್ರ ಕೆಳಗಿಡಲು ಒಪ್ಪಲಿಲ್ಲ. ಪ್ಯಾಲೆಸ್ಟೀನ್ ದೇಶಕ್ಕೆ ತಮ್ಮ ವಿರೋಧ ಬದಲಾಗಿಲ್ಲ ಎಂದರು ನೆತನ್ಯಾಹು. ಸುಧಾರಣೆಯ ಷರತ್ತಿಗೂ ಅರ್ಥವಿಲ್ಲದೆ ಇಲ್ಲ. 2005ರಲ್ಲಿ ನಾಲ್ಕು ವರ್ಷಕ್ಕೆಂದು ಆಯ್ಕೆಯಾದ ಅಬ್ಬಾಸ್ ಮತ್ತೆ ಚುನಾವಣೆಯನ್ನೇ ಎದುರಿಸದೆ ಕುರ್ಚಿಯಲ್ಲಿದ್ದಾರೆ. ಅದೂ ಒಂದು ಮುಗಿಯದ 'ತಾತ್ಕಾಲಿಕ'.

ಮುಂದೆ ಏನಾಗಬಹುದು?

ಮಾನ್ಯತೆ ಕೊಟ್ಟ ದೇಶಗಳ ನಡೆ ಸುಮ್ನೆ ತೋರಿಕೆ ಎನ್ನುವವರಿದ್ದಾರೆ. ಪೂರ್ತಿ ಹಾಗಲ್ಲ. 1993ರ ಪತ್ರಗಳಲ್ಲಿ ಇದ್ದ ಓರೆಯನ್ನು ಅದು ಕಾಗದದ ಮೇಲಾದರೂ ನೆಟ್ಟಗೆ ಮಾಡುತ್ತದೆ. ಮುಂದೆ ಮಾತುಕತೆ ನಡೆದರೆ ಒಂದು ಕಡೆ ಸಂಘಟನೆಯ ಬದಲು ದೇಶ ಕೂರುತ್ತದೆ. ಆದರೆ ಇ-1ರಲ್ಲಿ ಮನೆ ಎದ್ದರೆ ರಾಮಲ್ಲಾ, ಪೂರ್ವ ಜೆರುಸಲೇಮ್, ಬೆತ್ಲೆಹೆಮ್ ಒಂದಕ್ಕೊಂದು ಕೂಡುವ ಜಾಗ ಹೋಗುತ್ತದೆ. ಯಾವ ಮಾನ್ಯತೆಯೂ ಆ ಕಟ್ಟಡ ನಿಲ್ಲಿಸುವುದಿಲ್ಲ. ನಿಲ್ಲಿಸುವ ಶಕ್ತಿ ಇರುವುದು ಅಮೆರಿಕಕ್ಕೆ. ವೆಸ್ಟ್ ಬ್ಯಾಂಕನ್ನು ಇಸ್ರೇಲ್ ತನ್ನೊಳಗೆ ಸೇರಿಸಿಕೊಳ್ಳಲು ಬಿಡುವುದಿಲ್ಲ ಎಂದು ಟ್ರಂಪ್ 2025ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದಾರೆ. ಆದರೆ ಔಪಚಾರಿಕವಾಗಿ ಸೇರಿಸಿಕೊಳ್ಳದೆಯೇ ಕಟ್ಟುತ್ತಾ ಹೋಗುವುದು ಹೇಗೆ ಎಂಬುದನ್ನು ಸಿ ವಲಯ ಮೂವತ್ತು ವರ್ಷದಿಂದ ತೋರಿಸಿದೆ.

ಗಾಜಾದಲ್ಲೂ ಈಗ ಒಂದು ಗೆರೆ ಬಂದಿದೆ. ಕದನ ವಿರಾಮದ ಮೊದಲ ಹಂತದಲ್ಲಿ ಇಸ್ರೇಲ್ ಸೇನೆ ಹಿಂದೆ ಸರಿದು ನಿಂತ ಆ ಗೆರೆಗೆ ಹಳದಿ ಗೆರೆ ಎಂದು ಹೆಸರು. ಅದರ ಇಸ್ರೇಲಿ ಬದಿಯಲ್ಲಿ ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ ಇದೆ. ಗುರುತಿಗಾಗಿ ಹಳದಿ ಬಣ್ಣ ಬಳಿದ ಕಾಂಕ್ರೀಟ್ ದಿಮ್ಮಿಗಳನ್ನು ಇಟ್ಟಿದ್ದಾರೆ. ಯೋಜನೆಯ ಪ್ರಕಾರ ಸೇನೆ ಅಲ್ಲಿಂದ ಹಂತಹಂತವಾಗಿ ಇನ್ನೂ ಹಿಂದೆ ಹೋಗಬೇಕು. ಇಸ್ರೇಲ್ ಸೇನಾ ಮುಖ್ಯಸ್ಥ ಎಯಾಲ್ ಝಮೀರ್ 2025ರ ಡಿಸೆಂಬರ್‌ನಲ್ಲಿ ಗಾಜಾಕ್ಕೆ ಹೋಗಿದ್ದಾಗ ಆ ಗೆರೆಯನ್ನು ಹೊಸ ಗಡಿರೇಖೆ ಎಂದು ಕರೆದರು. ದಿಮ್ಮಿ ಇಟ್ಟು ಆಗ ಎರಡು ತಿಂಗಳೂ ಆಗಿರಲಿಲ್ಲ.